ಹತ್ತಕ್ಕೆ ಎಷ್ಟು

ಶುಕ್ರವಾರ ಏಳಕ್ಕೆ ಗ್ಲೆನಿಸ್ ಹಿತ್ತಿಲ ಬಾಗಿಲಿಂದಲೇ ಬರುತ್ತಾಳೆ,
ಕೈಯಲ್ಲಿ ತನ್ನದೇ ಲೋಟ, ಚೀಲದಲ್ಲಿ ಮೂರು ಕ್ಯಾನು,
ಕೋಟಿನ ಹೆಗಲ ಮೇಲೆ ಹೋಬಾರ್ಟಿನ ಜುಲೈ.
‘ಬೆಟ್ಟದ ಮೇಲೆ ಹಿಮ ಬಿತ್ತಂತೆ’ ಅನ್ನುತ್ತಾಳೆ ಪ್ರತಿ ವಾರದ ಹಾಗೆ,
ಹೀಟರಿನ ಎದುರು ಕುರ್ಚಿ ಎಳೆದುಕೊಳ್ಳುತ್ತಾಳೆ.

ನಾನು ಬಸ್ ಓಡಿಸುವವನು. ಶನಿವಾರ ರಜೆ,
ಅದಕ್ಕೇ ಶುಕ್ರವಾರ.
ಬಿಯರಿನ ಓದು ನನಗಿಲ್ಲ. ಇರುವುದೊಂದು ನಾಲಿಗೆ,
ಬಳ್ಳಾರಿಯ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಪಳಗಿದ್ದು.

ಓದು ಅವಳದು. ಹನ್ನೆರಡಕ್ಕೇ
ಡರ್ವೆಂಟ್ ಕಣಿವೆಯಲ್ಲಿ ಹಾಪ್ಸ್ ಬಿಡಿಸಲು ನಿಂತವಳು.
ಬೆರಳಿನ ಅಂಟು ಕಪ್ಪಾಗಿ, ಕಹಿಯಾಗಿ,
ಬ್ರೆಡ್ಡಿಗೂ ಹತ್ತಿ, ತಂಗಿಯ ಜಡೆಗೂ ಹತ್ತಿ,
ಚರ್ಚಿನಲ್ಲಿ ಪಾದ್ರಿ ಕಣ್ಣು ಮುಚ್ಚಿಯೇ ಹೇಳುತ್ತಿದ್ದನಂತೆ
ಯಾವ ಮನೆಯ ಮಕ್ಕಳು ಬಂದರೆಂದು.

ಈಗ ಎಪ್ಪತ್ಮೂರು. ಹೋದ ವರ್ಷ ಒಂದು ಜ್ವರ ಬಂತು,
ಹೋಗುವಾಗ ಮೂಗಿನೊಳಗಿದ್ದದ್ದನ್ನೆಲ್ಲ
ಗುಡಿಸಿಕೊಂಡು ಹೋಯಿತು.
‘ತಣ್ಣಗಿದೆ, ಗೊತ್ತಾಗತ್ತೆ. ಕಹಿ, ಅದೂ ಗೊತ್ತಾಗತ್ತೆ.
ಮಿಕ್ಕಿದ್ದು ನೀನು ಹೇಳು.’

ಹೇಳುತ್ತೇನೆ.

ಮೊದಲನೆಯದರ ಮೇಲೆ ಕನ್ನಡಕ ಹಾಕಿದ ಪಾಸಮ್ ಚಿತ್ರ,
ಕೆಳಗೆ ‘ಉಷ್ಣವಲಯದ ಹಣ್ಣುಗಳ ಮೆರವಣಿಗೆ.’
ಮೆರವಣಿಗೆ ಎಲ್ಲೂ ಕಾಣೆ, ಗ್ಲೆನಿಸ್.
ಮಾವಿನಕಾಯಿ ತೊಟ್ಟು ಮುರಿದಾಗ ಚಿಮ್ಮುತ್ತದಲ್ಲ ಸೊನೆ,
ತುಟಿ ಸುಡುವಂಥದ್ದು, ಅದರ ವಾಸನೆ.
ಹಣ್ಣಾಗುವ ಮುಂಚಿನ ಸಿಟ್ಟು.
ಮಾವಿನ ಮರ ಕಂಡವಳಲ್ಲ ಅವಳು. ಸಿಟ್ಟು ಅಂದಾಗ ತಲೆದೂಗಿ
ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆದಳು: ಏಳು.

ಎರಡನೆಯದು ಹುಳಿ. ಬೇಕಂತಲೇ ಹುಳಿ ಬರಿಸಿದ್ದು.
ನಮ್ಮಲ್ಲಿ ರಾತ್ರಿ ಮರೆತ ಜೋಳದ ಅಂಬಲಿ ಬೆಳಿಗ್ಗೆ ಹೀಗಾಗುತ್ತದೆ,
ಅದಕ್ಕೆ ಯಾರೂ ಹದಿಮೂರು ಡಾಲರು ಕೇಳುವುದಿಲ್ಲ.
‘ಕುಡಿಯುತ್ತೀರಾ ಅದನ್ನ?’
ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿಯುತ್ತೇವೆ.
ಬುಟ್ಟಿಗೆ ಕೈ ಹಾಕಿ ಒಂದನ್ನು ತೆಗೆದಳು. ಗುದ್ದಿ ಒಡೆದುಕೊಟ್ಟೆ.
ಕಚ್ಚಿದಳು. ಘಾಟು ಸೀದಾ ನೆತ್ತಿಗೇರಿ
ಎರಡೂ ಕಣ್ಣಲ್ಲಿ ನೀರು: ‘ಬಂತು! ಇದು ಬಂತು!’
ಬಿಯರಿಗೆ ನಾಲ್ಕು. ಉಳ್ಳಾಗಡ್ಡಿಗೆ ಒಂಬತ್ತು.

ಮೂರನೆಯದು ಸ್ಟೌಟ್, ಡಾಂಬರಿನ ಕಪ್ಪು.
ಇದು ಸಲೀಸು: ಸೀದ ಬೆಲ್ಲದ ಪಾಕ,
ತಳ ಹತ್ತಿದ ಪಾತ್ರೆಯನ್ನು ಅಮ್ಮನಿಗೆ ಕಾಣದಂತೆ
ಮಂಚದಡಿ ತಳ್ಳಿದ ಭಯ.
‘ಭಯಕ್ಕೂ ವಾಸನೆ ಇರುತ್ತಾ?’
ಇರುತ್ತದೆ. ಹುರಿಗಡಲೆಯದು.
ನಕ್ಕಾಗ ನೊರೆ ಅವಳ ಮೂಗಿನ ತುದಿಗೇ ಹತ್ತಿತು.
ಎಂಟು. ತಡಿ, ಎಂಟೂವರೆ.

ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಬಾಟಲಿ.
ಚೀಟಿಯಿಲ್ಲ, ಹೆಸರಿಲ್ಲ. ತಂಗಿಯ ಮಗ
ಗ್ಯಾರೇಜಿನಲ್ಲಿ ಕಾಸಿದ್ದು, ಅದೇ ಹಳೇ ತೋಟದ ಹಾಪ್ಸ್ ತಂದು.
‘ಇದನ್ನ ಸರಿಯಾಗಿ ಹೇಳಬೇಕು ನೀನು.’

ಮೂಸಿದೆ. ಒದ್ದೆ ರಟ್ಟು.
ಹಿಂದೆಯೇ ಪಾತ್ರೆ ಸೋಪು.

ದಿನಕ್ಕೆ ಐನೂರು ಜನ ಮೆಟ್ಟಿಲ ಮೇಲೆ ನಿಂತು ಕೇಳುತ್ತಾರೆ,
ಇದು ಅಲ್ಲಿಗೆ ಹೋಗುತ್ತಾ ಅಂತ.
ಹೋಗದ ಬಸ್ಸನ್ನು ಹೋಗುತ್ತದೆ ಅಂದವನಲ್ಲ ನಾನು.
ಲೋಟ ತಿರುಗಿಸಿದೆ. ಇನ್ನೊಮ್ಮೆ ಮೂಸಿದೆ.
ಹೀಟರು ಟಿಕ್ ಅಂತು.

ಅಂಟು, ಅಂದೆ. ಬೆರಳಿನ ಅಂಟು.
ಬ್ರೆಡ್ಡು. ಯಾರದೋ ಜಡೆ.

ಬಹಳ ಹೊತ್ತು ಅವಳು ಲೋಟದೊಳಗೇ ನೋಡಿದಳು.
‘ಆ ಹುಡುಗ ಜನ್ಮದಲ್ಲಿ ಪೀಪಾಯಿ ಸರಿಯಾಗಿ ತೊಳೆದವನಲ್ಲ’
ಅಂದಳು ಮೆಲ್ಲಗೆ. ಪೆನ್ನು ತೆಗೆದು
ಏನೋ ಬರೆದು, ಕೈಯಡ್ಡ ಇಟ್ಟು, ನಾಲ್ಕು ಮಡಿಕೆ ಮಾಡಿ
ಜೇಬಿಗಿಳಿಸಿ, ಹಿತ್ತಿಲ ಕತ್ತಲಲ್ಲಿ ಲೋಟ ಹಿಡಿದು ಹೋದಳು.

ಎಷ್ಟು ಕೊಟ್ಟಳೋ ಕೇಳಲಿಲ್ಲ.
ಬಿಲ್ಲು ನನ್ನದು. ಸೋಮವಾರ ಕಟ್ಟಲು ಕಡೇ ದಿನ.