ಹೆಸರಿನ ಬಾಬ್ತು

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯ ಮೇಲೆ
ನನ್ನ ಕಚೇರಿ. ಮೂವತ್ತೊಂದು ವರ್ಷದಿಂದ
ಬೇರೆಯವರ ದುಡ್ಡನ್ನು ಸಾಲಾಗಿ ನಿಲ್ಲಿಸುವುದೇ ಕಸುಬು:
ಜಮೆ ಎಡಕ್ಕೆ, ಖರ್ಚು ಬಲಕ್ಕೆ, ನಡುವೆ ಒಂದು ಗೆರೆ.
ಆ ಗೆರೆಯ ಮೇಲೆ ನನಗೆ ನಂಬಿಕೆಯಿತ್ತು.

ಮಾರ್ಚ್ ಇಪ್ಪತ್ತೆಂಟಕ್ಕೆ ಬೋಜಮ್ಮ ಬಂದರು.
ಬಿಸ್ಕತ್ತಿನ ಡಬ್ಬದಲ್ಲಿ ವರ್ಷದ ರಸೀದಿ.
ಕಾಚಂಪುಳಿ ಕಾಯಿಸಿ ಮಾರುವವರು ಅವರು.
ಹಣ್ಣು ಆರಿಸಿದ ಚೋಮಿಗೆ ಕೂಲಿ,
ಬುಟ್ಟಿಯಲ್ಲಿ ಕೊಳೆತು ಸೋರಿದ ರಸ
ಇದ್ದಿಲಿನಷ್ಟು ಕಪ್ಪಾಗುವವರೆಗೆ ಸೌದೆ,
ಬಾಟಲಿ, ಬಿರಡೆ, ಲೇಬಲ್ಲು.
ಎಲ್ಲಕ್ಕೂ ನನ್ನ ಪುಸ್ತಕದಲ್ಲಿ ಒಂದೊಂದು ಮನೆ ಇದೆ.

ಡಬ್ಬದ ತಳದಲ್ಲಿ ಹನ್ನೆರಡು ಕಾಗದ,
ತಿಂಗಳಿಗೆ ನಾಲ್ಕು ಸಾವಿರದ ಇನ್ನೂರು.
‘ಇದೇನು?’
‘ಹೆಸರಿಗೆ.’
‘ಯಾರ ಹೆಸರಿಗೆ?’
‘ನನ್ನ ಹೆಸರಿಗೇ.’

ಯಾರೋ ಮೈಸೂರಿನಲ್ಲಿ, ಪಂದಿಕರಿಗೆ ಒಲೆ ಹಚ್ಚುವ ಮುಂಚೆ,
ಬೋಜಮ್ಮ ಕಾಚಂಪುಳಿ ಎಂದು ಫೋನಿಗೆ ಬರೆದರೆ
ಮೊದಲು ಬರುವುದು ಬೋಜಮ್ಮ ಅಲ್ಲ.
ಮುಂಬೈ ಕಂಪನಿಯೊಂದರ ಬಾಟಲಿ, ಸುಟ್ಟ ಸಕ್ಕರೆಯ ಬಣ್ಣ,
ಲೇಬಲ್ಲಿನಲ್ಲಿ ಪೀಚೆಕತ್ತಿ ತಲೆಕೆಳಗು.
ಅವರಿಗೆ ಈಕೆಯ ಹೆಸರು ಬೇಕಿತ್ತು, ಕೊಂಡರು.
ಹುಡುಕಿಕೊಡುವ ಕಂಪನಿ ಮಾರಿತು.
ಮಾರುವಾಗ ಈಕೆಯನ್ನು ಕೇಳಲಿಲ್ಲ;
ಮಾರಿದ ಮೇಲೆ ಕೇಳಿತು, ನೀವೂ ಸವಾಲು ಕೂಗುತ್ತೀರಾ?

ಹರಾಜು ನಾನು ಕಂಡಿದ್ದೇನೆ.
ಮಾಲು ಎದುರಿಗಿರುತ್ತದೆ, ಮೂಗಿಗೆ ಹಿಡಿಯಬಹುದು,
ಕೂಗುವವನ ಬಾಯಲ್ಲಿ ಎಲೆಯಡಿಕೆ, ಒಂದು ಸಾರಿ, ಎರಡು ಸಾರಿ,
ಯೋಚಿಸಲು ಅಷ್ಟು ಹೊತ್ತು.
ಇದು ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ,
ಇಲ್ಲಿ ಮಾಲೆಂದರೆ
ಯಾರಿಗೋ ಏನೋ ಬೇಕೆನಿಸಿದ ಗಳಿಗೆ.

ಕಂಪನಿ ಎಂಬ ಮಾತು ಈ ನಾಡಿಗೆ ಹೊಸದಲ್ಲ.
ಸಾವಿರದ ಎಂಟುನೂರ ಮೂವತ್ತನಾಲ್ಕರಲ್ಲಿ
ಪಡೆ ಕಟ್ಟಿಕೊಂಡು ಬಂದಿತ್ತು; ಬಂದದ್ದು ಕಾಣಿಸಿತ್ತು.
ಗದ್ದೆ ಅಳೆಯಿತು, ಬಾಣೆ ಬರೆದುಕೊಂಡಿತು.
ಮನುಷ್ಯರ ಹೆಸರಿಗೆ ಕಂದಾಯ ಹಾಕಬಹುದೆಂದು
ಅದಕ್ಕೂ ಹೊಳೆದಿರಲಿಲ್ಲ.

ಫಂಡು ಮಾರುವ ಉತ್ತಯ್ಯ ಎದುರು ಕುರ್ಚಿಯಲ್ಲಿದ್ದ.
‘ಬಲವಂತ ಏನಿಲ್ಲವಲ್ಲ ಸಾರ್, ಬೇಡದಿದ್ದರೆ ಕಟ್ಟಬೇಡಿ.’
ನಿಜ. ಸುಂಕದ ಕಟ್ಟೆಯಲ್ಲೂ ಬಲವಂತವಿಲ್ಲ.
ಸೇತುವೆ ಬೇಡದಿದ್ದರೆ ಹೊಳೆ ಈಜಬಹುದು.
ಆದರೆ ಹೊಳೆ ಅವರದೇ, ಉತ್ತಯ್ಯ,
ಅದರಲ್ಲಿ ನೀರೆಷ್ಟೆಂದು ಹೇಳುವವರೂ ಅವರೇ.
ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಲು
ಹಿಂದೆ ಸುಂಕದವನಾದರೂ ಒಬ್ಬ ಇರುತ್ತಿದ್ದ.
ಬೋಜಮ್ಮ ಮೂರು ಪತ್ರ ಬರೆದರು. ಮೂರಕ್ಕೂ ಒಂದೇ ಉತ್ತರ,
‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’
ಅಮೂಲ್ಯ! ಬೆಲೆ ಕಟ್ಟದೆ ಬಿಟ್ಟದ್ದು ಅದೊಂದನ್ನೇ.

ಡಬ್ಬದಲ್ಲಿ ಇನ್ನೊಂದು ಕಾಗದ. ಉತ್ತಯ್ಯನೇ ಮಾರಿದ ಫಂಡು.
ಅದು ಯಾವ ಯಾವ ಷೇರು ಕೊಂಡಿದೆ ಎಂಬ ಪಟ್ಟಿಯಲ್ಲಿ
ಎರಡನೆಯದು, ಅದೇ, ಹುಡುಕಿಕೊಡುವ ಕಂಪನಿ.
ಐವತ್ತು ಸಾವಿರದ ನಾಲ್ಕುನೂರು ತೆತ್ತವರಿಗೆ
ಆ ಸಾಲಿನಲ್ಲಿ ಬಂದ ಲಾಭ ಆರುನೂರ ಹನ್ನೊಂದು.
ಉತ್ತಯ್ಯ ಕಿಟಕಿಯಾಚೆ ನೋಡಿದ.

ನಾನೂ ನೋಡಿದೆ. ಅದೇ ಫಂಡಿನಲ್ಲಿ ನನ್ನದೂ ಇದೆ,
ಅವರದ್ದಕ್ಕಿಂತ ಮೂರು ಪಟ್ಟು.
ಅವರ ಹೆಸರಿನ ಬಾಡಿಗೆಯಲ್ಲಿ ಎಷ್ಟು ಕಾಸು
ಕಡಲು ಸುತ್ತಿ ಬಂದು ನನ್ನ ಮುಪ್ಪಿಗೆ ಜಮೆಯಾಯಿತೋ,
ಇಷ್ಟು ವರ್ಷ ಲೆಕ್ಕ ಬರೆದವನಿಗೆ ಆ ಲೆಕ್ಕ ಬರುವುದಿಲ್ಲ.

ಬಾಡಿಗೆ ಎಂದು ಬರೆದೆ, ಹೊಡೆದುಹಾಕಿದೆ.
ಯಾವ ಕಟ್ಟಡ, ಕರಾರುಪತ್ರ ಎಲ್ಲಿ ಎನ್ನುತ್ತಾರೆ ತೆರಿಗೆಯವರು.
ಕಪ್ಪಕಾಣಿಕೆಗೆ ಈಗ ಪುಸ್ತಕದಲ್ಲಿ ಮನೆಯಿಲ್ಲ.
ಕೊನೆಗೆ ಜಾಹೀರಾತು ಎಂದೆ, ಎಲ್ಲರೂ ಅನ್ನುವ ಹಾಗೆ.

ಅವರು ಹೋದ ಮೇಲೆ, ನೋಡೋಣವೆಂದು,
ಫೋನಿನಲ್ಲಿ ಅವರ ಹೆಸರು ಬರೆದೆ.
ಮೇಲೆ ಮುಂಬೈ ಬಾಟಲಿ, ಕೆಳಗೆ ಅವರು.
ಅವರದನ್ನೇ ಒತ್ತಿದೆ, ಅಭಿಮಾನದಿಂದ.
ಆಮೇಲೆ ನೆನಪಾಯಿತು:
ಹಾಗೆ ಒತ್ತಿದ್ದಕ್ಕೆ ಈಗಷ್ಟೇ
ಬೋಜಮ್ಮನ ಗಂಟಿನಿಂದ ಹದಿನಾಲ್ಕು ರೂಪಾಯಿ ಹೋಯಿತು.

ನನ್ನ ಬಿಲ್ಲಿನಲ್ಲಿ ಹದಿನಾಲ್ಕು ಕಳೆದೆ.
ಯಾಕೆಂದು ಬರೆಯಲು
ಮನೆ ಸಿಗಲಿಲ್ಲ.