ಸೊನ್ನಿ ನೋಡ್ರಿ

ರಾತ್ರಿ ಹನ್ನೊಂದಕ್ಕ ಕ್ರೇನ್ ಬಂತು.
ಹೊರ್ತಿ ದಾಟಿ ಸೊಲ್ಲಾಪುರ ಕಡಿಗೆ ಎರಡು ಮೈಲಿ,
ನಮ್ಮ ಪಂಪಿನ ಎತ್ತರದ ಬೋರ್ಡು
ಹಲ್ಲು ಕಿತ್ತಂಗ ಕಿತ್ತರು.
ಒಳಗ ಗುಬ್ಬಿಗೂಡು ನಾಕು,
ಒಂದು ಹರಕ ಗಾಳಿಪಟ,
ಹತ್ತೊಂಬತ್ತು ವರ್ಷದ ಸತ್ತ ಹುಳ, ಒಂದು ಪುಟ್ಟಿ.
ಕಸಬರಿಗಿ ತಂದ ಕಸ್ತೂರಿ ಅಂದಳು:
ಇವೂ ನಮ್ಮ ಗಿರಾಕಿನ.

ಕಂಪನಿ ಕೊಂಡವರು ಕಡಲಾಚೆಯವರಂತ.
ಯಾವ ಕಡಲು, ಮಲಘಾಣ ಸಾವ್ಕಾರ್ರಿಗೂ ಪಕ್ಕಾ ಗೊತ್ತಿಲ್ಲ;
ಕಾಗದದಾಗಿನ ಹೆಸರು ಓದಾಕ
ಮೂರು ಸಲ ಉಗುಳು ನುಂಗಿದರು.
ನೆಲದಾಗಿನ ಟಾಕಿ ಅದೇ,
ಟ್ಯಾಂಕರ್ ಬರೂದು ಅದೇ ಡಿಪೋದಿಂದ,
ಡ್ರೈವರ್ ಇಮಾಮಹುಸೇನಂದು ಅದೇ ಕೆಮ್ಮು.

ಮುಂಜಾನೆ, ಮುಂಬಯಿಯಿಂದ ಬಂದ ಹುಡುಗ ಆಫೀಸರ
ಬಣ್ಣದ ಡಬ್ಬಿ ತೆಗಿಸಿದ.
ದಾವಲಸಾಬ ಬೆರಳದ್ದಿ ಕೇಳಿದ: ಇದರ ಹೆಸರೇನ್ರಿ?
ಹೆಸರಿಲ್ಲ, ನಂಬರ್ ಐತಿ,
ಜಗತ್ತಿನಾಗ ಹನ್ನೊಂದು ಸಾವಿರ ಪಂಪಿಗೆ ಇದೇ ನಂಬರ್.
ಮುದುಕ ಬೆರಳು ಬಿಸಿಲಿಗೆ ಹಿಡಿದ.
ಇದು ಬಾಡಿದ ಕುಸುಬಿ ಹೂ,
ಶಿವರಾತ್ರಿ ಹೊತ್ತಿಗೆ ಹಿಂಗ ಆಗತೈತಿ.
ಹುಡುಗ ಅದನ್ನ ಬರಕೊಳ್ಳಲಿಲ್ಲ.

ಬೋರ್ಡು ಬರಿಯಾಕ ಕರದಾರ ಅಂತ
ಕುಂಚ ತೊಳಕೊಂಡು ಬಂದಿದ್ದ ದಾವಲಸಾಬ.
ಬೋರ್ಡು ಅಚ್ಚಾಗಿ ಪುಣೆಯಿಂದ ಲಾರಿಯಾಗ ಬಂದಿತ್ತು.
ಅವಗ ಕೊಟ್ಟ ಕೆಲಸ ಕಂಪೌಂಡ್ ಗ್ವಾಡಿ ಕೆರಿಯೂದು,
ದಿನಕ್ಕ ಆರುನೂರು.

ಕೆರೆದ.
ಮೊದಲ ಪದರು ತಂದೇ, ಮಗಳ ಲಗ್ನದ ವರ್ಷ ಬರೆದದ್ದು.
ಕಾಗುಣಿತ ತಪ್ಪಿಲ್ಲ ನೋಡು ಅಂತ ಒಂದೊಂದಕ್ಷರಕ್ಕೂ ನಿಂತ.
ಅದರ ಕೆಳಗ ಅವರಪ್ಪನ ಕೈ,
ಊಟ ಮುಗಿಸಿ ಕುಂತಂಥ ದುಂಡನ್ನ ಅಕ್ಷರ:
ಇಲ್ಲಿ ಬೀಡಿ ಸೇದಬಾರದು.
ಅದರ ಕೆಳಗ, ಯಾರೂ ನೆನಸಿರಲಿಲ್ಲ,
ಒಂದು ನೀಲಿ ಹಡಗು.
ಅದಕ್ಕೂ ಕಡಲಾಚೆಯ ಹೆಸರು.
ಸರಕಾರ ಅವರನ್ನ ಸಾಗಹಾಕಿದಾಗ
ಇವರಪ್ಪಾನೇ ಅದರ ಮ್ಯಾಲ ಸುಣ್ಣ ಹೊಡದಿದ್ದನಂತ.
ಹೋದ ಹಡಗ ತಿರುಗಿ ಬಂತಲ್ಲೋ, ಅಂದ ದಾವಲಸಾಬ,
ನಕ್ಕ ನಗಿಗೆ ನಿಚ್ಚಣಿಕಿ ಅಲ್ಲಾಡಿತು.
ಆಫೀಸರ ಹಡಗಿನ ಫೋಟೋ ಹೊಡಕೊಂಡು
ಹನ್ನೆರಡರೊಳಗ ಮುಚ್ಚರಿ ಅಂದ.

ನಮಗ ಹೊಸ ಅಂಗಿ.
ಗಾಂಧಿ ಚೌಕಿನ ಹೋಟೆಲಿನಾಗ ಎರಡು ದಿನ ತರಬೇತಿ,
ನಡುವ ಒಂದು ಐಸ್ ಕ್ರೀಮು.
ಗಿರಾಕಿ ಕಣ್ಣಾಗ ಕಣ್ಣಿಟ್ಟು ಆರು ಹಲ್ಲು ಕಾಣುವಂಗ ನಗಬೇಕು,
ಶುಭದಿನ ಅನ್ನಬೇಕು, ಆಮ್ಯಾಲ ಎಣ್ಣಿ.
ಮೊದಲ ದಿನ ಕಬ್ಬಿನ ಟ್ರ್ಯಾಕ್ಟರ್ ತಂದ ಅಡವೆಪ್ಪ
ನನ್ನ ನಗಿ ನೋಡಿ ಇಂಜಿನ್ ಬಂದ್ ಮಾಡಿ ಇಳಿದ:
ಯಾಕೋ, ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲೊ?

ಹತ್ತೊಂಬತ್ತು ವರ್ಷ ನಾ ಅಂದದ್ದು ಎರಡೇ ಮಾತು,
ಸೊನ್ನಿ ನೋಡ್ರಿ.
ನಿದ್ದಿಗಣ್ಣಾಗ ಹೆಂಡತಿ ನೀರು ಕೊಟ್ಟರೂ ಅಂದೀನಿ.
ಈಗ ಹೊಸ ಮಷಿನ್ ತಾನೇ ಹೇಳತೈತಿ, ಹೆಣ್ಣು ದನಿ,
ಎಲ್ಲಿ ಹುಟ್ಟಿದ ದನಿಯೋ, ಸೊನ್ನೆ ಅಂತೈತಿ, ಶುದ್ಧ ಪುಸ್ತಕದ್ದು.
ನನ್ನ ಬಾಯಿ ಕೇಳವಲ್ಲದು.
ಅದು ಸೊನ್ನೆ ಅನ್ನೂದರೊಳಗ ನಾ ಸೊನ್ನಿ ಅಂದಿರತೀನಿ.

ಹಳೆ ಅಂಗಿ ಮೂರೂ ಮರಳಿ ಕೊಡಬೇಕಂತ.
ಎರಡು ಕೊಟ್ಟೆ. ಒಂದು ಆಗಲೇ ಕೌದಿಯೊಳಗ ಹೋಗಿತ್ತು,
ಜೇಬು ಸಮೇತ.

ಗಾಳಿ ಮಷಿನಿನ ಹಿಂದ ಕುಂಚ ಹೋಗೂದಿಲ್ಲ ಸಾಹೇಬ,
ಅಂತ ಆಫೀಸರಗ ಹೇಳಿದ ದಾವಲಸಾಬ.
ಹೋಗತಿತ್ತು. ನಾ ನೋಡೀನಿ, ಕೈ ಹೋಗೂವಷ್ಟು ಜಾಗ ಐತಿ.
ಅಲ್ಲಿ ಉಳದೈತಿ ಅವರಪ್ಪ ಬರೆದ ಒಂದು ಬೀ.
ನಿನ್ನೆ ಒಬ್ಬ ಲಾರಿ ಕ್ಲೀನರ್ ಹುಡುಗ
ಗಾಳಿ ಹಿಡಿಯಾಕ ಕುಕ್ಕರಗಾಲಿಲೆ ಕುಂತಾವ
ಅದನ್ನ ಓದಿದ,
ಕಿವಿ ಮ್ಯಾಲಿನ ಬೀಡಿ ಮುಟ್ಟಿ ನೋಡಿಕೊಂಡು
ಅಲ್ಲೇ ಬಿಟ್ಟ.