ಹತ್ತು ಗ್ರಾಮಿನ ಎಳೆ

ಕಣ್ಣು ಮುಚ್ಚಿಕೊಳ್ಳಿ, ಅಂದೆ.
ಮುಟ್ಟಿದ್ದು ಗೊತ್ತಾದರೆ ಹೂಂ ಅನ್ನಿ, ಅಷ್ಟೇ.
ಜೈಬೂನ್ ಬೀ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು:
"ಕಾಲು ಯಾಕೆ ಮುಟ್ತೀಯ ಬೇಟಿ,
ಶುಗರ್ ಇರೋದು ರಕ್ತದಲ್ಲಿ."

ಶಿಡ್ಲಘಟ್ಟದ ಓಣಿ. ಬೆಂದ ಹುಳದ ವಾಸನೆ
ನನ್ನ ಕಾಗದಗಳಿಗೂ ಅಂಟಿ ಮೂರನೇ ವರ್ಷ.
ಚೀಲದಲ್ಲಿ ಅಳತೆಪಟ್ಟಿ, ಬಿಪಿ ಯಂತ್ರ,
ಇಪ್ಪತ್ತೆರಡು ಪುಟದ ಪ್ರಶ್ನಾವಳಿ,
ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ.
ಅಂಗಾಲಿಗೆ ಒತ್ತಿದರೆ
ಹತ್ತು ಗ್ರಾಮಿಗೆ ಸರಿಯಾಗಿ ಬಾಗುತ್ತದೆ.
ಅಷ್ಟೂ ತಿಳಿಯದ ಪಾದಕ್ಕೆ
ಮುಳ್ಳು ನೆಟ್ಟರೂ ತಿಳಿಯದೆ ಹೋಗಬಹುದು,
ಡಾಕ್ಟರ್ ವಾರಿಜಾ ತರಬೇತಿಯಲ್ಲಿ ಹೇಳಿದ ಮಾತು.

ಹೆಬ್ಬೆರಳಿಗೆ ಒತ್ತಿದೆ. ಹೂಂ.
ಕಿರುಬೆರಳ ಬುಡಕ್ಕೆ. ಹೂಂ.
ಎಳೆಯನ್ನು ಗಾಳಿಯಲ್ಲೇ ಹಿಡಿದು ಸುಮ್ಮನೆ ಕೂತೆ.
ಹೂಂ.
ನಲವತ್ತು ವರ್ಷ ರಾಟೆಯ ಸುತ್ತಿಗೆ ತಲೆಯಾಡಿಸಿದವಳು
ಲೆಕ್ಕ ಹಿಡಿದು ಹೂಂಗುಟ್ಟುತ್ತಿದ್ದಾಳೆ,
ನನ್ನ ಮನಸ್ಸು ನೋಯಬಾರದೆಂದು.

ಹಿಮ್ಮಡಿಯ ಪಕ್ಕ ರೂಪಾಯಿಯಗಲ ಸುಟ್ಟಗಾಯ.
ಬೇಸಿನ್ನಿನ ನೀರು ಯಾವಾಗ ಚೆಲ್ಲಿತು?
"ಯಾವ ಗಾಯ?" ಅಂತ ನನ್ನನ್ನೇ ಕೇಳಿದಳು.
ನಲವತ್ತೊಂದನೇ ಪ್ರಶ್ನೆ: ದಿನವೂ ಪಾದ ನೋಡಿಕೊಳ್ಳುತ್ತೀರಾ?
"ಕಾಲು ಯಾರು ನೋಡ್ತಾರೆ, ನೂಲು ನೋಡ್ತೀವಿ."
ಹೌದು, ಇಲ್ಲ, ಚೌಕ ಇರುವುದು ಎರಡೇ.
ನೂಲಿಗೆ ಚೌಕವಿಲ್ಲ.

ಸೊನ್ನೆ ಬರೆಯುತ್ತಿದ್ದೆ.
ಅವಳು ಕೈಚಾಚಿ ಎಳೆಯನ್ನು ಇಸಿದುಕೊಂಡಳು.
ನೀರಲ್ಲಿ ನೆಂದು ನೆಂದು ಬಿಳಿಚಿದ ಬೆರಳು;
ಎಂಟು ಗೂಡಿನ ಎಂಟು ತುದಿ ಕಾಣದೆಯೇ ಹಿಡಿದು
ಒಂದೇ ನೂಲಾಗಿಸುವ ಬೆರಳು.
ಸಕ್ಕರೆ ಇನ್ನೂ ಅಲ್ಲಿಗೆ ಏರಿಲ್ಲ.
"ಇದು ನೂಲಾ? ಎಮ್ಮೆ ಬಾಲದ ಕೂದಲು!"
ಬಾಗಿಸಿದಳು, ಬಿಟ್ಟಳು, ಮತ್ತೆ ಬಾಗಿಸಿದಳು.
ನಗು ನಿಂತಿತು.
"ದಣಿದಿದೆ ಬೇಟಿ ಇದು. ಕಸುವಿಲ್ಲ.
ಎಷ್ಟು ಜನದ ಕಾಲಿಗೆ ಚುಚ್ಚಿದೆ?"

ಸೋಮವಾರದಿಂದ ಮೂವತ್ತೆಂಟು ಜನ. ಎಪ್ಪತ್ತಾರು ಪಾದ.
ಇಷ್ಟು ಸಲ ಒತ್ತಿದ ಮೇಲೆ ಎಳೆಗೆ ಒಂದು ದಿನ ಬಿಡುವು ಕೊಡಿ
ಎಂದು ಕೈಪಿಡಿಯಲ್ಲಿತ್ತು; ಓದಿ ಸಹಿಯನ್ನೂ ಹಾಕಿದ್ದೆ.
ಇನ್ನೊಂದು ಎಳೆ ಚಿಂತಾಮಣಿ ಬಸ್ಸಿನಲ್ಲಿ ಕಳೆದಿತ್ತು.
ಯಾರಿಗೂ ಹೇಳಿರಲಿಲ್ಲ.

ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ,
ಅಕ್ಕಸಾಲಿಯ ತಕ್ಕಡಿಯ ಮೇಲೆ ಒತ್ತಿ ನೋಡಿದೆ:
ಆರೂವರೆ ಗ್ರಾಮು.
"ಯಾವ ಒಡವೆಯಮ್ಮಾ ಇದು?" ಅಂದ ಅವನು.

ಫೋನಿನಲ್ಲಿ ಡಾಕ್ಟರ್ ವಾರಿಜಾ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ: ಮೂವತ್ತೆಂಟನ್ನೂ ಮತ್ತೆ ಮಾಡು.
ಆಮೇಲೆ, ಬೇರೆಯೇ ದನಿಯಲ್ಲಿ: ಯಾರು ಕಂಡುಹಿಡಿದದ್ದು?
ಇನ್ನೂರ ಹದಿನೇಳು, ಅಂದೆ.
ಹೆಸರು ಹೇಳುವಂತಿಲ್ಲ, ನಿಯಮ.
ಇಲ್ಲಿ ಬರೆದಿರುವ ಹೆಸರೂ ಅವಳದಲ್ಲ.

ಎಂಟು ದಿನ ಬಿಟ್ಟು ಹೊಸ ಎಳೆ ಹಿಡಿದು ಹೋದೆ.
ಮೊದಲು ಅವಳ ಬೆರಳಿಗೇ ಕೊಟ್ಟೆ.
ಬಾಗಿಸಿ ನೋಡಿ, ನಡಿ ಎಂಬಂತೆ ಕಣ್ಣು ಮುಚ್ಚಿದಳು.
ಹೆಬ್ಬೆರಳು: ಸದ್ದಿಲ್ಲ.
ಬುಡ: ಇಲ್ಲ.
ಈ ಸಲ ಸುಳ್ಳು ಹೂಂ ಒಂದೂ ಇಲ್ಲ.
ಹಿಮ್ಮಡಿ. ಗಾಯಕ್ಕೆ ಪಟ್ಟಿ ಕಟ್ಟಿತ್ತು, ಬಿಟ್ಟು ಮುಂದೆ ಬಂದೆ.
ಅಂಗಾಲಿನ ಕಮಾನು,
ಹಸಿನೆಲ ಎಂದೂ ತಾಗದ ಜಾಗ.
ಒತ್ತಿ ಕಾದೆ.
ಓಣಿಯ ಆ ತುದಿಯಲ್ಲಿ ಯಾರೋ ಕರೆದದ್ದು
ತನ್ನನ್ನೋ ಅಲ್ಲವೋ ಎಂದು ನಿಂತು ಕೇಳುವವಳಂತೆ
ಅವಳೂ ಕಾದಳು.
"...ಹೂಂ."

ಒಂದು ಎಂದು ಬರೆದೆ.
ಯಾಕೋ ಅಕ್ಷರ ದೊಡ್ಡದಾಗಿ ಚೌಕದಿಂದಾಚೆ ಹೋಯಿತು.

ಹೋಗುವ ಮುನ್ನ ಕೈಗನ್ನಡಿಯೊಂದನ್ನು ನೆಲಕ್ಕಿಟ್ಟು
ಪಾದವನ್ನು ಮೇಲೆ ಹಿಡಿಯಲು ಹೇಳಿಕೊಟ್ಟೆ,
ದಿನಕ್ಕೊಮ್ಮೆ, ರಾತ್ರಿ ಮಲಗುವಾಗ.
ಬಗ್ಗಿ ನೋಡಿದಳು. ಬಹಳ ಹೊತ್ತು.
ಮಾರುಕಟ್ಟೆಯಲ್ಲಿ ಬೇರೆಯವರ ಗೂಡು ನೋಡುವ ಅದೇ ನೋಟ.
"ಇಷ್ಟು ಕೆಟ್ಟ ಮಾಲಿಗೆ," ಅಂದಳು,
"ನಿಮ್ಮ ಹರಾಜಿನಲ್ಲಿ ಏನು ರೇಟು?"